ದಿನಕ್ಕೊಂದೇ ಎಲೆ

ಮಲಪ್ರಭೆಯ ದಂಡೆಯ ಮೇಲೆ ಸಂಕದಿನ್ನಿ ಎಂಬ ಸಣ್ಣ ಊರು. ಅಲ್ಲಿಯ ಮಠವನ್ನು ಮೊದಲ ಸಲ ನೋಡಿದವರು 'ಮಠ ಎಲ್ಲಿದೆ?' ಎಂದು ಮಠದ ಮುಂದೆಯೇ ನಿಂತು ಕೇಳುತ್ತಿದ್ದರು. ನಾನೂ ಕೇಳಿದವನೇ. ಮಣ್ಣಿನ ಗೋಡೆ, ಮೇಲೆ ತಗಡು, ಹಿಂದೆ ಹೊಗೆ ಹಿಡಿದ ಅಡುಗೆಮನೆ, ಮುಂದೆ ಒಂದು ಬೇವಿನ ಮರ. ಆ ಬೇವಿನ ಬುಡದಲ್ಲಿ ಗೋಣಿಚೀಲ ಹಾಸಿಕೊಂಡು ಪರಮಪೂಜ್ಯ ಶ್ರೀ ನಿರುಪಾಧಿ ಶಿವಯೋಗಿಗಳವರು ನಲವತ್ತು ವರ್ಷ ಕುಳಿತಿದ್ದರು.

ಕುಳಿತು ಏನು ಮಾಡುತ್ತಿದ್ದರು? ಪ್ರವಚನವಂತೂ ಅಲ್ಲ. ಎಲೆ ಹಚ್ಚುತ್ತಿದ್ದರು. ಮುತ್ತುಗದ ಎಲೆಗಳನ್ನು ಒಂದರ ಅಂಚಿನ ಮೇಲೊಂದು ಇಟ್ಟು, ತೆಳ್ಳನೆಯ ಕಡ್ಡಿಯಿಂದ ಹೆಣೆದು ಊಟದ ಪತ್ರಾವಳಿ ಮಾಡುತ್ತಿದ್ದರು. ಮುಂಜಾನೆ ಲಿಂಗಪೂಜೆ ಮುಗಿಯಿತೆಂದರೆ ಆ ದಿನ ದಾಸೋಹಕ್ಕೆ ಬರುವವರಿಗೆ ಬೇಕಾಗುವಷ್ಟು ಎಲೆ ಹಚ್ಚಿಯೇ ಮೇಲೇಳುತ್ತಿದ್ದರು. ಹೀಗಾಗಿ ಸುತ್ತಲಿನ ಊರವರಿಗೆ ಅವರು ಎಲೆಯಜ್ಜನವರು. ಮಠದಲ್ಲಿ ಇನ್ನೊಂದು ಪದ್ಧತಿಯಿತ್ತು. ಉಂಡ ಎಲೆಯನ್ನು ಉಂಡವರೇ ಎತ್ತಬೇಕು. ಗೌಡರಿರಲಿ, ಗಾಣಿಗರಿರಲಿ, ಸಾಕ್ಷಾತ್ ಅಜ್ಜನವರೇ ಇರಲಿ.

ನಾನು ಆಗ ಭೂಮಾಪನ ಇಲಾಖೆಯಲ್ಲಿದ್ದೆ. ಬಿ.ಎಸ್ಸಿ. ಪಾಸಾದವನು, ಎರಡು ವಿಜ್ಞಾನ ಪತ್ರಿಕೆಗಳಿಗೆ ಚಂದಾದಾರ. ಸ್ವಾಮಿಗಳು, ಮಠ ಎಂದರೆ ಮೂಗು ಮುರಿಯುವುದೇ ವಿದ್ಯಾವಂತನ ಲಕ್ಷಣ ಎಂದುಕೊಂಡಿದ್ದ ಕಾಲ ಅದು. ಅಂಥ ನನ್ನನ್ನು ಸಂಕದಿನ್ನಿಗೆ ಎಳೆದೊಯ್ದವನು ನನ್ನ ಸಹೋದ್ಯೋಗಿ ದ್ಯಾಮಣ್ಣ ಕೊಪ್ಪದ.

ದ್ಯಾಮಣ್ಣನ ಬಗ್ಗೆ ಎರಡು ಮಾತು ಹೇಳಲೇಬೇಕು. ಹೊಲ ಅಳೆಯುವುದರಲ್ಲಿ ಅವನ ಸಮ ಯಾರೂ ಇರಲಿಲ್ಲ. ಅವನು ನೆಟ್ಟ ಕಲ್ಲನ್ನು ಕೋರ್ಟೂ ಅಲುಗಿಸುತ್ತಿರಲಿಲ್ಲ. ಆದರೆ ಸಿಟ್ಟು! ಅಳತೆಯ ಸರಪಳಿ ಒಂದು ಗೇಣು ಸಡಿಲಾದರೆ ಇಡೀ ಸೀಮೆ ನಡುಗಬೇಕು. ಅಂಥವನು ಹಿಂದಿನ ವರ್ಷ ವೈಶಾಖದಲ್ಲಿ, ಮನೆಯಲ್ಲಿ ಊಟಕ್ಕೆ ಕುಳಿತಾಗ, ಪುಂಡಿಪಲ್ಯಕ್ಕೆ ಉಪ್ಪಿಲ್ಲವೆಂದು ಉಣ್ಣುವ ತಾಟನ್ನೇ ಕಾಲಿನಿಂದ ಒದ್ದುಬಿಟ್ಟಿದ್ದ. ಪಕ್ಕದಲ್ಲಿ ಹೆಂಡತಿಯ ತಮ್ಮ ಊಟಕ್ಕೆ ಕುಳಿತಿದ್ದ. ತಾಟು ಉರುಳುತ್ತ ಹೋಯಿತು, ರೊಟ್ಟಿ ಒಲೆಯ ಬೂದಿಯಲ್ಲಿ ಬಿತ್ತು. ಹೆಂಡತಿ ನಿಂಬೆವ್ವ ಒಂದು ಮಾತೂ ಆಡಲಿಲ್ಲ. ರೊಟ್ಟಿಯನ್ನು ಎತ್ತಿ ಕಣ್ಣಿಗೊತ್ತಿಕೊಂಡಳು, ತಾಟು ತೊಳೆದಿಟ್ಟಳು.

ಆ ಹೊತ್ತಿನಿಂದ ಗಂಡನೊಡನೆ ಅವಳ ಮಾತು ನಿಂತಿತು. ಹೊತ್ತಿಗೆ ಸರಿಯಾಗಿ ಊಟ, ನೀರು, ಒಗೆದ ಅರಿವೆ, ಎಲ್ಲವೂ ಉಂಟು. ಮಾತಿಲ್ಲ. ಹೇಳಲೇಬೇಕಾದ್ದು ಏನಾದರೂ ಇದ್ದರೆ ಮನೆಯ ಬೆಕ್ಕಿಗೆ ಹೇಳುತ್ತಿದ್ದಳು. "ಬೆಕ್ಕವ್ವಾ, ಸೀಮಿಎಣ್ಣಿ ತೀರೈತಿ ನೋಡವಾ." ದ್ಯಾಮಣ್ಣ ಎದ್ದು ಹೋಗಿ ಸೀಮೆಎಣ್ಣೆ ತರುತ್ತಿದ್ದ. ಹೀಗೆ ಹದಿನಾಲ್ಕು ತಿಂಗಳು!

ಅವನು ಸುಮ್ಮನಿರಲಿಲ್ಲ. ಇಳಕಲ್ಲ ಸೀರೆ ತಂದ. ಅದು ಟ್ರಂಕು ಸೇರಿತು. ಶ್ರಾವಣವಿಡೀ ಒಪ್ಪತ್ತು ಉಂಡ. ಸೋಮವಾರಕ್ಕೊಮ್ಮೆ ಮೌನವ್ರತ ಹಿಡಿದ. ಆದರೆ ಆ ಮೌನದಲ್ಲಿ ಅವನು ಕಣ್ಣು ಬಿಡುವುದನ್ನು ನೋಡಿ ಆಫೀಸಿನ ಜವಾನ ರಜೆ ಬರೆದುಕೊಟ್ಟು ಮನೆಗೆ ಹೋದ. ಕೊನೆಗೊಂದು ದಿನ ನನ್ನೆದುರು ನಕ್ಷೆಯ ಮೇಲೆ ತಲೆಯಿಟ್ಟು, "ಗುಡಗೇರಿ ಸಾಹೇಬ್ರ, ಮನ್ಯಾಗ ಬೆಕ್ಕಿನಷ್ಟೂ ಕಿಮ್ಮತ್ತಿಲ್ರೀ ನನಗ. ಅಕಿ ಒಂದ ಮಾತ ಆಡಿದ್ರ ಸಾಕ್ರೀ," ಎಂದ. ಅಷ್ಟು ಗಟ್ಟಿ ಮನುಷ್ಯನ ದನಿ ಒಡೆದದ್ದನ್ನು ನಾನು ಅಂದೇ ಕೇಳಿದ್ದು. ನಾಲ್ಕು ದಿನದಲ್ಲೇ, ಆಷಾಢದ ಒಂದು ಮುಂಜಾನೆ, ನಾವಿಬ್ಬರೂ ಸಂಕದಿನ್ನಿಯ ಬೇವಿನ ಮರದ ಕೆಳಗಿದ್ದೆವು.

ದ್ಯಾಮಣ್ಣ ಸಾಷ್ಟಾಂಗ ಬಿದ್ದ. ನಾನು ವಿದ್ಯಾವಂತ ನೋಡಿ, ಕೈ ಮಾತ್ರ ಮುಗಿದೆ. ಅವನು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿ, "ಬುದ್ಧಿ, ಒಂದು ಮಂತ್ರ ಕೊಡ್ರಿ. ತಾಯತ ಆದ್ರೂ ನಡೀತೈತಿ. ಸಿಟ್ಟು ಹೋಗಬೇಕು, ಅಕಿ ಮಾತಾಡಬೇಕು," ಎಂದ.

ಅಜ್ಜನವರ ಕೈ ಎಲೆ ಹಚ್ಚುತ್ತಲೇ ಇತ್ತು. ತಲೆಯೆತ್ತದೆ ಕೇಳಿದರು.

"ಆ ತಾಟು ಉರುಳಿ ಎಲ್ಲಿ ನಿಂತಿತು, ತಮ್ಮಾ?"

ಅಳತೆಯ ಪ್ರಶ್ನೆ! ದ್ಯಾಮಣ್ಣ ತಟ್ಟನೆ ಹೇಳಿದ. "ಬಚ್ಚಲ ಹೊಸ್ತಿಲಕ್ಕ ಬಡದು ನಿಂತಿತ್ರಿ. ಒಂದು ಹದಿನಾಲ್ಕು ಫೂಟು."

"ಎತ್ತಿದವರು ಯಾರು?"

"ಅಕೀನ ರೀ," ಎಂದ ದ್ಯಾಮಣ್ಣ. ಹಾಗೆ ಹೇಳುವಾಗ ಅವನ ಮುಖ ಇಳಿದುಹೋದದ್ದನ್ನು ನಾನು ನೋಡಿದೆ. ಹದಿನಾಲ್ಕು ತಿಂಗಳಲ್ಲಿ ಉಪ್ಪಿನ ಬಗ್ಗೆ, ಸಿಟ್ಟಿನ ಬಗ್ಗೆ ಅವನು ಎಷ್ಟೋ ಯೋಚಿಸಿದ್ದ. ತಾಟು ಎತ್ತಿದ ಕೈಯ ಬಗ್ಗೆ ಯೋಚಿಸಿರಲಿಲ್ಲ.

ಅಜ್ಜನವರು ಹಸಿರೆಲೆಗಳ ಒಂದು ಸಣ್ಣ ಕಟ್ಟನ್ನೂ ನಾಲ್ಕು ಕಡ್ಡಿಗಳನ್ನೂ ಅವನ ಉಡಿಯಲ್ಲಿ ಹಾಕಿದರು. "ದಿನಕ್ಕ ಒಂದ ಎಲಿ ಹಚ್ಚು. ಅದರಾಗ ಉಣ್ಣು. ಉಂಡ ಮ್ಯಾಲ ನೀನ ಎತ್ತು."

ಅಷ್ಟೇ. ಬರುವಾಗ ದಾರಿಯುದ್ದಕ್ಕೂ ನಾನು ನಗಾಡಿದೆ. "ಏನೋ ದ್ಯಾಮಣ್ಣಾ, ಮಂತ್ರ ಕೇಳಾಕ ಹೋದ್ರ ಪತ್ರೋಳಿ ಹಚ್ಚೋ ನೌಕರಿ ಕೊಟ್ಟರಲ್ಲೋ!" ಅವನು ನಗಲಿಲ್ಲ.

ಮೊದಲ ದಿನದ ಎಲೆ ನೋಡಬೇಕಿತ್ತು. ಕರ್ನಾಟಕದ ನಕ್ಷೆಯಂತಿತ್ತು ಎಂದು ಅವನೇ ಹೇಳಿದ. ಸಾರು ಹಾಕಿದ ಕೂಡಲೇ ಸೋರಿ ತೊಡೆಯ ಮೇಲೆ ಇಳಿಯಿತು. ಸಿಟ್ಟು ನೆತ್ತಿಗೇರಿತಂತೆ. ಆದರೆ ಯಾರ ಮೇಲೆ? ಹಚ್ಚಿದವನು ತಾನೇ! ಒಳಗಿನಿಂದ ದನಿ ಕೇಳಿತು: "ಬೆಕ್ಕವ್ವಾ, ಸರ್ವೇ ಸಾಹೇಬರ ಹೊಲದ ಒಡ್ಡು ಒಡದೈತಿ ನೋಡವಾ."

ಎರಡನೆಯ ವಾರ ಒಂದು ಗುಟ್ಟು ತಿಳಿಯಿತೆಂದು ನನಗೆ ಹೇಳಿದ. ಸಿಟ್ಟಿನ ಕೈಯಿಂದ ಕಡ್ಡಿ ಚುಚ್ಚಿದರೆ ಎಲೆ ಹರಿಯುತ್ತದೆ. ಅವಸರದಿಂದ ಚುಚ್ಚಿದರೂ ಹರಿಯುತ್ತದೆ. ಉಸಿರು ಬಿಟ್ಟು, ನರ ತಪ್ಪಿಸಿ, ಮೆಲ್ಲಗೆ ಚುಚ್ಚಬೇಕು. "ಸಾಹೇಬ್ರ, ಈ ಎಲಿಗೆ ನನ್ನ ಹುದ್ದೆ ಗೊತ್ತಿಲ್ರೀ," ಎಂದ. ನನಗೆ ನಗು ಬಂದರೂ ಮಾತು ಮನಸ್ಸಿನಲ್ಲಿ ಕುಳಿತುಬಿಟ್ಟಿತು.

ಇಷ್ಟರಲ್ಲಿ ಮನುಷ್ಯನ ಬುದ್ಧಿ ಇದ್ದೇ ಇದೆಯಲ್ಲ! ಶ್ರಾವಣದಲ್ಲಿ ದೂರದ ಹಳ್ಳಿಗಳ ಅಳತೆ ಬಂತು. ದಿನದಿನ ಯಾರು ಹಚ್ಚಬೇಕು ಎಂದು ಒಂದು ರವಿವಾರ ಬೆಳಗಿನಿಂದ ಸಂಜೆಯವರೆಗೆ ಕುಳಿತು ತಿಂಗಳಿಗಾಗುವಷ್ಟು, ಮೂವತ್ತು ಎಲೆ ಹಚ್ಚಿ, ಒಂದರ ಮೇಲೊಂದು ಪೇರಿಸಿ, ಅವು ಒಣಗಿ ಹದವಾಗುವ ತನಕ ಹಚ್ಚುವುದಕ್ಕೆ ರಜೆ ಎಂದು ಮೇಲೆ ಕಲ್ಲು ಹೇರಿಟ್ಟ. ಜಡಿಮಳೆಯ ಹವೆ, ಹಸಿ ಎಲೆ, ಬಿಸಿಲು ಕಾಣಿಸಿರಲಿಲ್ಲ. ವಾರ ಕಳೆದು ಕಲ್ಲೆತ್ತಿದರೆ ಬೂಷ್ಟು! ಮೂವತ್ತೂ ಎಲೆ ಕಪ್ಪಗಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು.

ಅವುಗಳನ್ನು ಚೀಲದಲ್ಲಿ ತುಂಬಿಕೊಂಡು ಮತ್ತೆ ಸಂಕದಿನ್ನಿಗೆ ಹೋದೆವು. ಅವನು ಅಜ್ಜನವರ ಮುಂದೆ ಚೀಲ ಸುರಿದು ತಲೆ ತಗ್ಗಿಸಿ ಕುಳಿತ.

"ವ್ರತ ಕೆಟ್ಟಿತ್ರಿ, ಬುದ್ಧಿ. ನನ್ನ ಕೈಲೆ ಆಗಂಗಿಲ್ರೀ."

ಅಜ್ಜನವರು ಚೀಲದ ವಾಸನೆಗೆ ಮುಖ ಸಿಂಡರಿಸಲಿಲ್ಲ. ಮಕ್ಕಳು ನಕ್ಕಂತೆ ನಕ್ಕುಬಿಟ್ಟರು. "ತಮ್ಮಾ, ನಾಳಿನ ಹಸಿವು ಇವತ್ತ ಆಗತೈತೇನು?"

"ಇಲ್ರೀ."

"ಸಿಟ್ಟೂ ಹಂಗ. ದಿನಾ ಹೊಸಾದು ಬರತೈತಿ. ಎಲಿನೂ ದಿನಾ ಹೊಸಾದ ಹಚ್ಚು." ಬೂಷ್ಟು ಹಿಡಿದ ಎಲೆಗಳನ್ನು ತೋರಿಸಿ, "ಇವನ್ನ ತಿಪ್ಪಿಗೆ ಹಾಕು. ಗೊಬ್ಬರಾಗತಾವ," ಎಂದರು. ಕೆಟ್ಟುಹೋದ ದಿನಗಳ ಬಗ್ಗೆ ಅದಕ್ಕಿಂತ ಹೆಚ್ಚು ಒಂದು ಅಕ್ಷರ ಆಡಲಿಲ್ಲ. ಬೈಸಿಕೊಳ್ಳಲು ಸಿದ್ಧನಾಗಿ ಬಂದವನು ಅಲ್ಲೇ ಕುಳಿತು ಆ ದಿನದ ಒಂದು ಎಲೆ ಹಚ್ಚಿದ. ಅದರಲ್ಲೇ ಉಂಡ. ಎತ್ತಿದ. ನಾನೂ ಪಂಕ್ತಿಯಲ್ಲಿ ಉಂಡೆ. ಮಠದ ಪದ್ಧತಿಯೆಂದು ಒಲ್ಲದ ಮನಸ್ಸಿನಿಂದ ಎಲೆ ಎತ್ತಿದೆ, ಅಷ್ಟೇ.

ಮುಂದೆ ದ್ಯಾಮಣ್ಣ ಅಳತೆಗೆ ಹೋದ ಕಡೆಯೆಲ್ಲ ಬದುವಿನ ಮುತ್ತುಗದಿಂದ ನಾಲ್ಕೆಲೆ ಕೀಳುವುದು ರೂಢಿಯಾಯಿತು. ಅಳತೆಯಲ್ಲಿ ಅವನ ಕಟ್ಟುನಿಟ್ಟು ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ಆದರೆ ಸರಪಳಿ ಹಿಡಿಯುವವರು, "ಸಾಹೇಬ್ರು ಈಗ ಬೈಯೋಕಿಂತ ಮೊದಲು ಒಂದು ಸಲ ಉಸುರು ಬಿಡತಾರ್ರೀ. ಅಷ್ಟರಾಗ ನಾವು ಸರಪಳಿ ಬಿಗಿ ಮಾಡಿಬಿಡತೇವಿ," ಎಂದು ನನ್ನೆದುರಿಗೆ ನಕ್ಕರು.

ನಿಂಬೆವ್ವ ಮಾತ್ರ ಇನ್ನೂ ಬೆಕ್ಕಿನೊಡನೆಯೇ ಮಾತನಾಡುತ್ತಿದ್ದಳು. "ಮಾತಾಡಲಿಲ್ಲಂದ್ರೂ ನಡೀತೈತಿ ಸಾಹೇಬ್ರ," ಎಂದು ದ್ಯಾಮಣ್ಣ ಒಮ್ಮೆ ಹೇಳಿದ. "ಎಲಿ ಹಚ್ಚೋದು ಬಿಡಂಗಿಲ್ಲ." ಅವನ ಕಣ್ಣಲ್ಲಿ ಆಸೆ ಸತ್ತಿರಲಿಲ್ಲ. ಆದರೆ ಅದರ ಜಗ್ಗಾಟ ನಿಂತಿತ್ತು.

ಕಾರ್ತಿಕದ ಒಂದು ದಿನ ಅವನ ಮನೆಯಲ್ಲಿ ನನಗೆ ಊಟ. ನನಗೆ ತಾಟು, ಅವನಿಗೆ ಅವನ ಎಲೆ. ಬಿಸಿ ರೊಟ್ಟಿ, ಪುಂಡಿಪಲ್ಯ, ಬೆಣ್ಣೆ. ಮೊದಲ ತುತ್ತು ಬಾಯಿಗಿಟ್ಟೆ. ನನ್ನ ಕೈ ಅಲ್ಲೇ ನಿಂತಿತು. ಪಲ್ಯಕ್ಕೆ ಉಪ್ಪೇ ಇಲ್ಲ!

ಸತ್ಯ ಹೇಳುತ್ತೇನೆ, ನಾನು ತಾಟನ್ನು ತುಸು ಹಿಂದಕ್ಕೆ ಎಳೆದುಕೊಂಡೆ. ಓರೆಗಣ್ಣಿನಿಂದ ನೋಡಿದೆ. ದ್ಯಾಮಣ್ಣನಿಗೂ ಗೊತ್ತಾಗಿತ್ತು. ಒಂದು ಸಲ ಉಸಿರು ಬಿಟ್ಟ. ಆಮೇಲೆ ರೊಟ್ಟಿ ಮುರಿದು, ಪಲ್ಯ ಹಚ್ಚಿ, ಮೆಲ್ಲಗೆ ಉಣ್ಣತೊಡಗಿದ. ಎರಡು ರೊಟ್ಟಿ ಉಂಡ. ಎಲೆಯಲ್ಲಿ ಒಂದು ಚೂರೂ ಉಳಿಸಲಿಲ್ಲ. ಎಲೆ ಮಡಿಚಿ, ಎತ್ತಿಕೊಂಡು ಏಳಲು ಹೋದ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಿಂಬೆವ್ವ ನನ್ನ ಮುಖ ನೋಡಿದಳು. ಏನೋ ಅನುಮಾನ ಬಂದು ಒಳಗೆ ಹೋಗಿ ಪಲ್ಯವನ್ನು ನಾಲಿಗೆಗೆ ಹಚ್ಚಿಕೊಂಡಳು. ಮರುಕ್ಷಣ ಸೆರಗು ಸಿಕ್ಕಿಸಿಕೊಂಡು ಹೊರಗೆ ಬಂದಳು. ಬೆಕ್ಕು ಅಲ್ಲೇ ಕಂಬದ ಬಳಿ ಕುಳಿತಿತ್ತು. ಅದರ ಕಡೆ ಅವಳು ನೋಡಲೂ ಇಲ್ಲ. ಗಂಡನ ಮುಖಕ್ಕೆ ಮುಖ ಕೊಟ್ಟು ಹೇಳಿದಳು:

"ಉಪ್ಪಿಲ್ಲಂತ ಬಾಯಿ ಬಿಟ್ಟು ಹೇಳಾಕ ಏನಾಗಿತ್ರಿ ನಿಮಗ? ನೀವೇನು ಮೂಕರೇನು?"

ಹದಿನೆಂಟು ತಿಂಗಳ ಮೇಲೆ ಮೊದಲ ಮಾತು!

ದ್ಯಾಮಣ್ಣ ಮಡಿಚಿದ ಎಲೆ ಹಿಡಿದುಕೊಂಡು ನಿಂತೇ ಇದ್ದ. ಆ ದೊಡ್ಡ ಮೀಸೆಯ ಮೇಲೆ ನೀರು ಇಳಿಯುತ್ತಿತ್ತು. "ತಪ್ಪಾತು," ಎಂದ. ಯಾವ ತಪ್ಪು ಎಂದು ಅವಳೂ ಕೇಳಲಿಲ್ಲ.

"ಕುಂಡ್ರಿ. ಇನ್ನೊಂದು ರೊಟ್ಟಿ ಹಾಕತೇನಿ."

"ಎಲಿ ಮಡಿಚೀನಲ್ಲ..."

ಅವಳು ಒಳಗೆ ಹೋದಳು. ಬರುವಾಗ ಕೈಯಲ್ಲಿ ಒಂದು ಪತ್ರಾವಳಿ. ದುಂಡಗೆ, ಬಿಗಿಯಾಗಿ, ಒಂದೂ ಕಡ್ಡಿ ಕಾಣದಂತೆ ಹಚ್ಚಿದ್ದು. ಗಂಡ ಉಳಿಸಿದ ಎಲೆಗಳನ್ನು ಆಯ್ದುಕೊಂಡು ಅವಳೂ ದಿನಾ ಹಚ್ಚುತ್ತಿದ್ದಳು! ಅದನ್ನು ಅವನ ಮುಂದೆ ಹಾಸಿ ನೀರು ಚಿಮುಕಿಸಿ, "ಉಣ್ರಿ, ಇದು ಸೋರಂಗಿಲ್ಲ," ಎಂದಳು.

ಅಂದು ನಾನು ಊಟ ಮುಗಿಸಿ ಎಂದಿನಂತೆ ತಾಟು ಬಿಟ್ಟು ಎದ್ದೆ. ಎರಡು ಹೆಜ್ಜೆ ಹೋದವನಿಗೆ ಬೇವಿನ ಮರದ ಕೆಳಗಿನ ದನಿ ಕೇಳಿದಂತಾಯಿತು. ಎತ್ತಿದವರು ಯಾರು? ತಿರುಗಿ ಬಂದು, ಬಗ್ಗಿ, ತಾಟು ಎತ್ತಿದೆ. ನನಗಾಗ ನಲವತ್ತೆಂಟು ವರ್ಷ. ಯಾವ ಪದ್ಧತಿಯ ಒತ್ತಾಯವೂ ಇಲ್ಲದೆ ನಾನು ಎತ್ತಿದ ಮೊದಲ ಎಂಜಲು ತಾಟು ಅದು.

ಮರುದಿನವೇ ಅಜ್ಜನವರಿಗೆ ಸುದ್ದಿ ಮುಟ್ಟಿಸಲು ಓಡಿದೆವು. ಈ ಸಲ ಸಾಷ್ಟಾಂಗ ಬಿದ್ದವರು ಇಬ್ಬರು.

"ಬುದ್ಧಿ, ಅಕಿ ಮಾತಾಡಿದಳ್ರೀ!"

"ಏನಂದಳು, ತಮ್ಮಾ?"

"ಬೈದಳ್ರೀ!"

ಅಜ್ಜನವರು ಮನಸಾರೆ ನಕ್ಕರು. ಹಚ್ಚುತ್ತಿದ್ದ ಎಲೆಯಿಂದ ಕೈ ತೆಗೆಯದೆ, "ಚಲೋ ಆತು. ಇವತ್ತಿನ ಎಲಿ ಹಚ್ಚಿಯೇನು?" ಎಂದರು.

ದ್ಯಾಮಣ್ಣ ನಾಲಿಗೆ ಕಚ್ಚಿಕೊಂಡ. ಸಂಭ್ರಮದಲ್ಲಿ ಮರೆತಿದ್ದ! ಅಜ್ಜನವರು ತಮ್ಮ ಗೋಣಿಚೀಲದ ಮೇಲೆ ತುಸು ಸರಿದು ಜಾಗ ಮಾಡಿದರು. ಅವನ ಮುಂದೆ ಎಲೆ ಇಟ್ಟರು. ಆಮೇಲೆ, ನಾನು ಕೇಳದಿದ್ದರೂ, ನನ್ನ ಮುಂದೆಯೂ ಇಟ್ಟರು.

ಪೂಜ್ಯರು ಲಿಂಗೈಕ್ಯರಾಗಿ ಈಗ ಬಹಳ ವರ್ಷಗಳಾದವು. ನಾನು ನಿವೃತ್ತನಾಗಿ, ಎಪ್ಪತ್ತೊಂಬತ್ತು ದಾಟಿ, ಇದನ್ನು ಬರೆಯುತ್ತಿದ್ದೇನೆ. ನನ್ನ ತಾಟು ಈಗಲೂ ನಾನೇ ಎತ್ತುತ್ತೇನೆ. ಅಂದು ಸಂಕದಿನ್ನಿಯಿಂದ ಮರಳಿದ ಸಂಜೆ ಮನೆಯಲ್ಲಿ ಊಟ ಮುಗಿಸಿ ತಾಟು ಎತ್ತಿಕೊಂಡು ಬಚ್ಚಲಿಗೆ ಹೊರಟಾಗ, ನನ್ನಾಕೆ ಗಾಬರಿಯಿಂದ ಬಂದು ನನ್ನ ಹಣೆ ಮುಟ್ಟಿ ನೋಡಿದ್ದಳು.

ಜ್ವರವೇನೂ ಇರಲಿಲ್ಲ. ಅಜ್ಜನವರ ಕೃಪೆಯಾಗಿತ್ತು.