ಬಾಯಿನೀರಮ್ಮನ ಗುಡಿ

ನಮ್ಮೂರ ಬಂಡೆಗುಡ್ಡದ ನೆತ್ತಿಯಲ್ಲಿ ಬಾಯಿನೀರಮ್ಮನ ಗುಡಿಯಿದೆ. ಒಳಗೆ ವಿಗ್ರಹವಿಲ್ಲ, ಪಟವಿಲ್ಲ. ಇರುವುದು ಸುಣ್ಣ ಬಳಿದ ಬರಿಗೋಡೆ. ದೇವಿ ಎಲ್ಲಿ ಎಂದು ಹೊಸಬರು ಪೂಜಾರಿಯ ತಲೆ ತಿನ್ನುವುದುಂಟು.

ಹಿಂದೆ ಒಮ್ಮೆ, ನಾಯಕರ ಕಾಲದಲ್ಲಿ, ಮಳೆಗೆ ಆ ಗೋಡೆ ಕುಸಿದು ದೇವಿಯ ಚಿತ್ರ ಮಣ್ಣುಪಾಲಾಯಿತು. ಬೆನ್ನಿಗೇ ಊರಿನ ಮಕ್ಕಳು ಸಿಡುಬು ತಗುಲಿ ಸಾಯತೊಡಗಿದರು. ಅಮ್ಮನಿಗೆ ಮುಖವಿಲ್ಲದ್ದಕ್ಕೇ ಈ ಸಾವುಗಳೆಂದು ಜನ ನಂಬಿ ಹೊಸ ಗೋಡೆ ಕಟ್ಟಿದರು. ಬರೆಯಬಲ್ಲವನು ಚಿತ್ರಗಾರರ ಮಾನಪ್ಪನೊಬ್ಬನೇ. ಅವನ ಮನೆತನದಲ್ಲಿ ಒಂದು ಕಟ್ಟುಪಾಡಿತ್ತು: ದೇವಿಯನ್ನು ಬರೆಯುವವನು ಮೊದಲು ಗೋಡೆಯೆದುರು ಉಪವಾಸ ಕೂತು ಮನಸ್ಸು ತೊಳೆದುಕೊಳ್ಳಬೇಕು, ಕೊನೆಗೆ, ಯಾರ ಮೇಲೆ ಹಗೆಯಿದೆಯೋ ಅವರ ಕೈಯಿಂದಲೇ ನೀರು ಕುಡಿದು ಉಪವಾಸ ಬಿಡಬೇಕು. ಆಮೇಲೆಯೇ ಕುಂಚ. ಹಗೆ ಇಟ್ಟುಕೊಂಡು ಬರೆದರೆ ಗೋಡೆಯ ಮೇಲೆ ದೇವಿ ಮೂಡುವುದಿಲ್ಲ, ಹಗೆಯೇ ಮೂಡುತ್ತದೆ ಎನ್ನುತ್ತಾರೆ. ಹಿಂದೆಲ್ಲ ಮಾನಪ್ಪನಿಗೆ ಇದು ದೊಡ್ಡ ಮಾತಾಗಿರಲಿಲ್ಲ. ಬೇಲಿ ಜಗಳದ ನೆರೆಯವನೋ ಮುನಿಸಿಕೊಂಡ ಭಾವನೋ ನೀರು ಹಾಕಿದರೆ ನಕ್ಕು, ಕುಡಿದು ಏಳುತ್ತಿದ್ದ. ಈ ಸಲದ ಹಗೆ ಬೇರೆ. ಮಾನಪ್ಪನ ಒಬ್ಬನೇ ಮಗ ಚಿತ್ರದಲ್ಲಿ ತನ್ನ ಮೆಳ್ಳಗಣ್ಣನ್ನು ಇದ್ದಂತೆಯೇ ಬರೆದನೆಂಬ ಸಿಟ್ಟಿಗೆ, ಪಾಳೆಯಗಾರ ಹಿರೇನಾಯಕ ಆ ಹುಡುಗನನ್ನು ಕೋಟೆಯ ಮೇಲಿಂದ ತಳ್ಳಿಸಿ ಕೊಲ್ಲಿಸಿದ್ದ.

ಆ ನಾಯಕನೇ ತಂಬಿಗೆ ಹಿಡಿದು ಗುಡ್ಡ ಹತ್ತಿ ಬಂದ. "ಕುಡಿ ಮಾನಪ್ಪ. ನನ್ನ ಮೊಮ್ಮಗನಿಗೂ ಅಮ್ಮ ಬಂದಾಳ," ಎಂದ. ಮಾನಪ್ಪ ಬೊಗಸೆಯೊಡ್ಡಿದ. ನೀರು ಬಾಯಿಗೆ ಹೋಯಿತು, ಗಂಟಲಿಗೆ ಇಳಿಯಲಿಲ್ಲ. ಉಗುಳಿದರೆ ಊರಿನ ಮಕ್ಕಳು ಸಾಯುತ್ತಾರೆ. ನುಂಗಿದರೆ ಮಗ ಇನ್ನೊಮ್ಮೆ ಸತ್ತಂತೆ. ಕಣ್ಣು ಮುಚ್ಚಿ ದೇವಿಯ ಮುಖ ನೆನೆದರೆ ಆ ಮೆಳ್ಳಗಣ್ಣೇ ಎದುರಿಗೆ ಬರುತ್ತಿತ್ತು. ಬಾಯ್ತುಂಬ ನೀರು ಹಿಡಿದು ಗೋಡೆಗೆ ಮುಖಮಾಡಿ ಕೂತೇಬಿಟ್ಟ. ಕೆಳಗೆ ಊರಿನಲ್ಲಿ ಅಳು ಕೇಳುತ್ತಲೇ ಇತ್ತು. ಹೆಂಡತಿ ಯಂಕವ್ವ ಬಂದು ಬೆನ್ನು ಸವರಿದಳು.

"ನುಂಗಿಬಿಡ್ರಿ. ನಮ್ಮ ಮಗ ಹೊಳ್ಳಿ ಬರಂಗಿಲ್ಲ. ಮಂದಿ ಮಕ್ಕಳರ ಉಳೀಲಿ."

ಪಾಪ, ಅವನು ಪ್ರಯತ್ನ ಪಡಲಿಲ್ಲ ಎನ್ನುವಂತಿಲ್ಲ; ಗಂಟಲು ಏರಿಳಿಯುವುದನ್ನು ಎಲ್ಲರೂ ನೋಡಿದರು. ದಿನಗಳು ಉರುಳಿದವು, ಉಪವಾಸ ಬಿಡಲಾಗದೆ ಕೂತಲ್ಲೇ ಪ್ರಾಣ ಬಿಟ್ಟ. ಹೆಣವನ್ನು ಮಲಗಿಸಿದಾಗ ತುಟಿಯಂಚಿನಿಂದ ಆ ನೀರು ಹೊರಗೆ ಹರಿಯಿತು, ಒಂದು ಗುಟುಕೂ ಒಳಗೆ ಹೋಗಿರಲಿಲ್ಲ. ಸಿಡುಬು ನಾಯಕನ ಮೊಮ್ಮಗನನ್ನೂ ಸೇರಿಸಿ ಊರಿನ ಅರ್ಧ ತೊಟ್ಟಿಲು ಬರಿದು ಮಾಡಿಯೇ ನಿಂತಿತು. ಆ ಗೋಡೆ ಮುಟ್ಟುವ ಧೈರ್ಯ ಮತ್ತೆ ಯಾರಿಗೂ ಬರಲಿಲ್ಲ.

ಈಗಲೂ ಹಗೆ ಹೊತ್ತವರು ಈ ಗುಡ್ಡ ಹತ್ತುತ್ತಾರೆ. ಪೂಜಾರಿ ಬೊಗಸೆಗೆ ನೀರು ಹಾಕುತ್ತಾನೆ. ಹಗೆ ಬಿಟ್ಟವರು ನುಂಗಬಹುದು, ಆಗದವರು ಹೊರಗಿನ ಚಪ್ಪಡಿಯ ಮೇಲೆ ಉಗುಳಬೇಕು; ಹಗೆ ಇಟ್ಟುಕೊಂಡು ಸುಳ್ಳೇ ನುಂಗುವಂತಿಲ್ಲ. ಸುಡುಬೇಸಿಗೆಯಲ್ಲಿ ಹೋಗಿ ನೋಡಿ, ಆ ಚಪ್ಪಡಿ ಒದ್ದೆಯಾಗಿಯೇ ಇರುತ್ತದೆ.