ಮಧುನಾಶಿನಿ ಎಲೆಯೂ ರಾಜನ ಹೋಳಿಗೆಯೂ

ಕೇಳ್ರಪ್ಪ ಮಕ್ಕಳಾ. ಹೊನ್ನಹಾಳ ಅನ್ನೋ ರಾಜ್ಯದಲ್ಲಿ ಉದ್ದಂಡರಾಯ ಅಂತ ಒಬ್ಬ ರಾಜ ಇದ್ದ. ಹೋಳಿಗೆ ಕಂಡರೆ ಸಾಕು, ರಾಜ್ಯಭಾರ ಮರೆತುಬಿಡೋನು. ಅವನಿಗೆ ಸಕ್ಕರೆ ಕಾಯಿಲೆ ಬೇರೆ. ಉಂಡು ಎದ್ದರೆ ಬಾಯಾರಿಕೆ, ಪಾದ ಉರಿ, ಕಣ್ಣು ಮಂಜು. ಅಡುಗೆಯ ದ್ಯಾವೀರಮ್ಮ ಅವನನ್ನು ಎತ್ತಿ ಆಡಿಸಿದವಳು. "ಒಂದೇ ಸಾಕು ಬುದ್ಧಿ" ಅಂತ ಅಂಗಲಾಚೋಳು.

ಆ ಅರಮನೆಯಲ್ಲಿ ಒಂದು ಪದ್ಧತಿ. ರಾಜ ಎದ್ದರೆ ಪಂಕ್ತಿಯೆಲ್ಲ ಏಳಬೇಕು. ಪಕ್ಕದ ಎಲೆಗೆ ಕೂರೋನು ಆಸ್ಥಾನದ ವೈದ್ಯ ಮಾಚಪಂಡಿತ, ಮಹಾ ಹೊಟ್ಟೆಬಾಕ. ರಾಜ ಒಂದಕ್ಕೇ ಎದ್ದರೆ ಅವನ ಗತಿ? ಹಸಿರು ರಸವೊಂದನ್ನು ಅರೆದು ತಂದ.

"ಪ್ರಭೂ, ಇದು ಮಧುನಾಶಿನಿ ರಸ. ಊಟ ಆದ್ಮೇಲೆ ಒಂದು ಲೋಟ ಕುಡೀರಿ. ಎಷ್ಟು ಹೋಳಿಗೆ ತಿಂದರೂ ಭಸ್ಮ!"

ಮೊದಲ ದಿನ ರಾಜ ಹತ್ತು ತಿಂದ, ರಸ ಕುಡಿದ. ಪಂಡಿತ ಹದಿನೈದು ತಿಂದ. ಎರಡನೇ ದಿನ ರಾಜ ಇಪ್ಪತ್ತು, ಪಂಡಿತ ಮೂವತ್ತು. ಮೂರನೇ ದಿನ ರಾಜ ಮೂವತ್ತು. ಪಂಡಿತ ಎಷ್ಟು ತಿಂದ ಅನ್ನೋದು ಬಡಿಸಿದವರಿಗೂ ಗೊತ್ತಾಗಲಿಲ್ಲ. ಕೈ ತೊಳೆಯೋಕೆ ಎದ್ದ ರಾಜ ಎದುರಿನ ಕಂಬ ಕಾಣದೆ ಡಿಕ್ಕಿ ಹೊಡೆದು ಬಿದ್ದ. ದ್ಯಾವೀರಮ್ಮ ಅತ್ತಳು. ಆಮೇಲೆ ಸೆರಗು ಬಿಗಿದು ಬೇಲಿ ಕಡೆ ನಡೆದು, ಅಲ್ಲಿ ಹಬ್ಬಿದ್ದ ಬಳ್ಳಿಯಿಂದ ಒಂದಷ್ಟು ಎಲೆ ಕಿತ್ತು ತಂದಳು.

ಮರುದಿನ ಎಲೆ ಹಾಕಿದ ಕೂಡಲೇ ಅಂದಳು:

"ಪಂಡಿತರೇ, ಇವತ್ತು ನಿಮ್ಮ ರಸ ನೀವೇ ಮೊದಲು ಕುಡೀರಿ. ಆಮೇಲೆ ಹೋಳಿಗೆ ಹೆಂಗೈತೆ ಹೇಳಿ."

ಪಂಡಿತ ಗಟಗಟ ಕುಡಿದ, ಹೋಳಿಗೆ ಮುರಿದ. "ಆಹಾ! ಜೇನು ಕಣಮ್ಮ, ಜೇನು!"

"ಬುದ್ಧೀ, ನೀವು ಮೊದಲು ಈ ಎಲೆ ಅಗೀರಿ, ಆಮೇಲೆ ಹೋಳಿಗೆ ತಿನ್ನಿ."

ರಾಜ ತಿಂದ, ಮುಖ ಕಿವುಚಿದ. "ಥೂ! ಮಣ್ಣು ಬಡಿಸಿದೀಯಾ?"

"ಅದೇ ಹೋಳಿಗೆ ಬುದ್ಧಿ. ಇದು ನಿಜವಾದ ಮಧುನಾಶಿನಿ. ನಾಲಿಗೆಗೆ ತಾಗಿದರೆ ಸ್ವಲ್ಪ ಹೊತ್ತು ಸಿಹಿನೇ ಗೊತ್ತಾಗಕಿಲ್ಲ. ಪಂಡಿತರಿಗೆ ಮಾತ್ರ ಜೇನಾಯ್ತಲ್ಲ, ಅವರ ಲೋಟದಾಗೆ ಏನಿತ್ತು ಕೇಳಿ."

ಪಂಡಿತ ತೊದಲಿದ. "ದಂಟಿನ ಸೊಪ್ಪು, ಪ್ರಭೂ..."

"ಹಂಗಾದರೆ ಈ ನಿಜವಾದ ಎಲೆ ತಿಂದು ಮೂವತ್ತು ಹೊಡೀಬಹುದಾ?" ರಾಜ ಆಸೆಯಿಂದ ಕೇಳಿದ. ಚಪಲ ನೋಡಿ!

"ಇಲ್ಲ ಬುದ್ಧಿ. ಎಲೆ ಆಸೆ ತಗ್ಗಿಸುತ್ತೆ. ಹೊಟ್ಟೆಗೆ ಹೋದ ಮೂವತ್ತು ಮೂವತ್ತೇ."

ರಾಜ ತಟ್ಟನೆ ಎದ್ದ. ಪಂಕ್ತಿಯೆಲ್ಲ ಎದ್ದಿತು. ಪಂಡಿತನ ಎರಡನೇ ಹೋಳಿಗೆ ಬಾಯಿ ಹತ್ತಿರವೇ ನಿಂತಿತು.

"ಪಂಡಿತ, ಇನ್ನು ದಿನಾ ನನ್ನ ಪಕ್ಕದಲ್ಲೇ ಕೂತ್ಕೋ. ಮೊದಲು ಈ ಎಲೆ ಅಗಿ, ಆಮೇಲೆ ಹೋಳಿಗೆ ತಿನ್ನು!"

ಅಂದಿನಿಂದ ಪಂಡಿತನಿಗೆ ದಿನಾ ಮಣ್ಣಿನ ಹೋಳಿಗೆ. ರಾಜ ಮುದ್ದೆ, ಸೊಪ್ಪಿನ ಸಾರು ಉಂಡ. ತಿಂಗಳು ಕಳೆದ ಮೇಲೆ ಕಂಬ ಕಂಬವಾಗಿಯೇ ಕಂಡಿತು.

ನೆನಪಿಟ್ಟುಕೊಳ್ಳಿ ಮಕ್ಕಳಾ: ಮದ್ದು ಇದೆ ಅಂತ ಮಿತಿ ಮೀರಿ ತಿನ್ನಬೇಡಿ, ತಿನ್ನು ಅನ್ನೋ ವೈದ್ಯನನ್ನು ನಂಬಬೇಡಿ.