ಹೌದೆನ್ನುವ ಪುಸ್ತಕಗಳು

“ಗುರುಗಳೇ, ಗಣಿತ, ವೈದ್ಯ, ಇತಿಹಾಸ, ಬೇಸಾಯ, ಕಾನೂನು ಎಂದು ಅಂಗಡಿ ತುಂಬ ಪುಸ್ತಕಗಳಿವೆ. ಒಳ್ಳೆಯದು ಯಾವುದು ಎಂದು ತಿಳಿಯುವುದು ಹೇಗೆ?”

ಮಠದ ವಾಚನಾಲಯಕ್ಕೆ ಪುಸ್ತಕ ತರಲು ಹೊರಟಿದ್ದ ಶಿಷ್ಯ ಮರುಳಸಿದ್ಧ ಹೀಗೆ ಕೇಳಿದ. ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರೈತನಿದ್ದ. ತನ್ನ ಜೋಡಿ ಎತ್ತುಗಳಂಥವು ಸುತ್ತಲಿನ ಸೀಮೆಯಲ್ಲೇ ಇಲ್ಲ ಎಂದು ಮೀಸೆ ತಿರುವುತ್ತಿದ್ದ. ಓದಲೂ ಬಲ್ಲವನು. ಒಮ್ಮೆ ಪೇಟೆಗೆ ಹೋಗಿ ಪುಸ್ತಕದ ಅಂಗಡಿ ಹೊಕ್ಕ.

ಪುಸ್ತಕವನ್ನು ಪರೀಕ್ಷೆ ಮಾಡಲು ಅವನದೇ ಒಂದು ದಾರಿ ಇತ್ತು. ತನಗೆ ಚೆನ್ನಾಗಿ ಗೊತ್ತಿರುವ ವಿಷಯದ ಪುಟವನ್ನೇ ತೆರೆಯುವುದು. ಅಲ್ಲಿ ತನ್ನ ಮಾತೇ ಇದ್ದರೆ, ಭಲೇ, ಬಲ್ಲವನೇ ಬರೆದಿದ್ದಾನೆ ಎಂದು ಚೀಲಕ್ಕೆ ಹಾಕುವುದು. ಬೇರೆ ಇದ್ದರೆ ಮಡಚಿ ಇಡುವುದು. ಮಣ್ಣಿನ ಪುಸ್ತಕ ಪಾಸಾಯಿತು. ಮಳೆಯದೂ ಪಾಸಾಯಿತು. ಹಳೆಯ ಕಾಲದ ಕೆರೆಗಳ ಪುಸ್ತಕವಂತೂ ಅವನ ಬಾಯಿಂದಲೇ ಉದುರಿದಂತಿತ್ತು. ದನಗಳ ರೋಗದ ಪುಸ್ತಕ ಮಾತ್ರ, ಗಂಟಲು ಊದಿದರೆ ಬರೆ ಹಾಕಬೇಡಿ, ತಡಮಾಡದೆ ದನದ ಡಾಕ್ಟರರನ್ನು ಕರೆಸಿ ಎಂದಿತ್ತು.

“ಇದನ್ನು ಬರೆದವನು ಹುಟ್ಟಿದ ಮೇಲೆ ದನದ ಮುಖ ನೋಡಿದ್ದಾನೇನಯ್ಯ? ನಮ್ಮಪ್ಪ, ನಮ್ಮ ತಾತ ಬರೆ ಹಾಕಿಯೇ ದನ ಉಳಿಸಿದವರು.”

“ಉಳಿದ ಪುಸ್ತಕಗಳಾದರೂ ಯಾಕೆ ಗೌಡ್ರೆ? ಎಲ್ಲ ನಿಮಗೆ ಗೊತ್ತಿರುವುದೇ ಅಲ್ಲವೇ?” ಎಂದ ವ್ಯಾಪಾರಿ.

“ಅದಕ್ಕೇ ಕಣಯ್ಯ ಕೊಳ್ಳೋದು. ಇವು ಸರಿ ಅಂತ ನಾನೇ ಗ್ಯಾರಂಟಿ ಕೊಡ್ತೀನಿ!”

ಮಳೆಗಾಲ ಹಿಡಿಯುತ್ತಲೇ ಒಂದು ಎತ್ತಿನ ಗಂಟಲು ಊದಿತು. ರೈತ ಕುಡುಗೋಲು ಕಾಸಿ ಬರೆ ಹಾಕಿದ. ಊತ ಇಳಿಯಲಿಲ್ಲ. ತಂದ ಪುಸ್ತಕಗಳನ್ನೆಲ್ಲ ತಿರುವಿ ಹಾಕಿದ. ಅವು ಅವನಿಗೆ ಗೊತ್ತಿದ್ದಷ್ಟನ್ನೇ ಹೇಳಿದವು. ಎತ್ತು ಉಸಿರು ಕಟ್ಟಿ ಸತ್ತಿತು.

ಮರುದಿನ ಜೊತೆಯ ಎತ್ತೂ ಮೇವು ಬಿಟ್ಟಿತು. ರೈತ ಮತ್ತೆ ಕುಡುಗೋಲನ್ನು ಬೆಂಕಿಗಿಟ್ಟ. ಅದು ಕೆಂಪಾಯಿತು. ಕೈಗೆತ್ತಿಕೊಂಡು ಎತ್ತಿನ ಮುಂದೆ ನಿಂತ. ಎತ್ತು ಕುತ್ತಿಗೆ ಚಾಚಿ ಅವನನ್ನೇ ನೋಡುತ್ತಿತ್ತು. ಕೈ ಏಳಲಿಲ್ಲ. ಕುಡುಗೋಲು ಬಿಸಾಡಿ, ಹೆಗಲ ಟವೆಲ್ಲನ್ನೂ ಮರೆತು, ದನದ ಡಾಕ್ಟರರನ್ನು ಕರೆತರಲು ಓಡಿದ. ಆ ಎತ್ತು ಉಳಿಯಿತು.

ಗುರುಗಳು ಕತೆ ನಿಲ್ಲಿಸಿದರು. ಮರುಳಸಿದ್ಧನ ಮುಖ ಅರಳಿತು.

“ಬಹಳ ಒಳ್ಳೆಯ ಕತೆ ಗುರುಗಳೇ! ನಾನೂ ಮೊದಲಿನಿಂದ ಇದನ್ನೇ ಹೇಳುತ್ತ ಬಂದಿದ್ದೇನೆ.”

ಗುರುಗಳು ಅಂದರು: “ಹಾಗಾದರೆ ನೀನು ನನ್ನ ಕತೆ ಕೇಳಲಿಲ್ಲ, ನಿನ್ನ ಮಾತನ್ನೇ ಕೇಳಿಸಿಕೊಂಡೆ.”